ಚಹಾದಲ್ಲಿ ಮಿಂದ ಬಿಳಿ ಮರಿ

ನಾನು ಚಿಕ್ಕವಳಿದ್ದಾಗ ಶಂಕರಪುರದ ಮನೆಗಳಲ್ಲಿ ಮಲ್ಲಿಗೆಯ ಜೊತೆಗೆ ನಾಲ್ಕಾರು ಕೋಳಿಗಳೂ ಇರುತ್ತಿದ್ದವು. ಈಸ್ಟರ್ ಕಳೆದ ಮೇಲೆ ನಮ್ಮ ಶಾಮಾಯ್, ಅಂದರೆ ಅಪ್ಪನ ಅಮ್ಮ, ಕಾವಿಗೆ ಇಡುವ ಮೊಟ್ಟೆಗಳ ಮೇಲೆ ಇದ್ದಲಿನಿಂದ ಪುಟ್ಟ ಶಿಲುಬೆ ಬರೆಯುತ್ತಿದ್ದರು. ಶಿಲುಬೆ ಇದ್ದದ್ದನ್ನು ಯಾರೂ ಆಮ್ಲೆಟಿಗೆ ತೆಗೆಯುವ ಹಾಗಿಲ್ಲ. ಒಳಗಿರುವ ಮರಿಯ ಬಣ್ಣ ಮಾತ್ರ ಅವರಿಗೂ ಗೊತ್ತಿರುತ್ತಿರಲಿಲ್ಲ.

ಆ ವರ್ಷ ಕಂದು ಮರಿಗಳ ನಡುವೆ ಒಂದಕ್ಕೆ ಹಾಲಿನಂಥ ಬಿಳಿ ಗರಿ ಮೂಡಿತು. ತೌಡಿನ ವಾಸನೆಯ ಆ ಬೆಚ್ಚಗಿನ ಮರಿಯನ್ನು ನಾನು ಮಡಿಲಿನಿಂದ ಇಳಿಸುತ್ತಿರಲಿಲ್ಲ. ಜಗಲಿಯಲ್ಲಿ ಬಾಳೆನಾರಿನಿಂದ ಹೂ ಕಟ್ಟುತ್ತಿದ್ದ ನೆರೆಮನೆಯ ಗಿರಿಜಕ್ಕ ನಕ್ಕರು.

"ಅಷ್ಟು ಪ್ರೀತಿ ಬೇಡ ಮಾರಾಯ್ತಿ, ಅದು ಗಿಡುಗನ ಪಾಲು. ಈ ಅಂಗಳದಲ್ಲಿ ಬಿಳಿ ಕೋಳಿ ಮೊಟ್ಟೆ ಇಟ್ಟದ್ದು ನೀನು ಕಂಡದ್ದುಂಟಾ?"

ಕಂಡಿರಲಿಲ್ಲ. ಬಿಳಿ ಮರಿ ಮೇಲಿನಿಂದ ಬೇಗ ಕಾಣುತ್ತದೆ, ತರಗೆಲೆಯ ನಡುವೆ ಕಂದು ಉಳಿಯುತ್ತದೆ, ಅದಕ್ಕೇ ನಮ್ಮಲ್ಲಿ ಎಲ್ಲ ಕಂದು ಎಂದು ಶಾಮಾಯ್ ವಿವರಿಸಿದರು.

ಮರುದಿನ ನಾನು ಕಡು ಚಹಾ ಕುದಿಸಿ, ಆರಿಸಿ, ಮರಿಯನ್ನು ಅದರಲ್ಲಿ ಮೀಯಿಸಿದೆ. ಕಂದಾಗುವ ಬದಲು ಅದು ಕೊಳೆಯಾದ ಹಾಗೆ ಕಂಡಿತು. ತಾಯಿಕೋಳಿ ಕುಕ್ಕಿ ಓಡಿಸಿತು. ಒಣಗಲಿ ಎಂದು ಅದನ್ನು ಬಿಸಿಲಿನಲ್ಲಿ ಬಿದಿರಿನ ಹೆಡಿಗೆಯ ಅಡಿ ಮುಚ್ಚಿಟ್ಟೆ. ಅಷ್ಟರಲ್ಲಿ ನೆರಳೊಂದು ಅಂಗಳ ದಾಟಿತು. ಗಿಡುಗ ಎತ್ತಿಕೊಂಡು ಹೋದದ್ದು ಒಂದು ಕಂದು ಮರಿಯನ್ನು.

ಗಿರಿಜಕ್ಕನ ಕೈ ಹೂವಿನಲ್ಲೇ ನಿಂತಿತು. ಶಾಮಾಯ್ ಬಂದು ಹೆಡಿಗೆ ಎತ್ತಿ ನೋಡಿದರು.

"ನಿನ್ನ ಚಹಾ ಎಂತದೂ ಮಾಡ್ಲಿಲ್ಲ ಬಾಯೆ. ಇದು ಹೆಡಿಗೆಯ ಅಡಿ ಇತ್ತು, ಅದು ಅಂಗಳದಲ್ಲಿತ್ತು. ಅಷ್ಟೇ."

ಬಿಳಿ ಮರಿ ಕೋಳಿಯಾಯಿತು, ಮುಂದಿನ ವರ್ಷ ಕಾವಿಗೂ ಕೂತಿತು. ಅದರ ಬಿಳಿ ಮರಿಗಳಲ್ಲಿ ಹೆಚ್ಚಿನವು ಗಿಡುಗನಿಗೇ ಹೋದವು. ಆದರೂ ನನಗೆ ಮದುವೆಯಾಗುವವರೆಗೆ ಅಂಗಳದಲ್ಲಿ ಒಂದೋ ಎರಡೋ ಬಿಳಿ ಇದ್ದೇ ಇದ್ದವು. ಗಿರಿಜಕ್ಕ ಅವನ್ನು ಚಹಾದ ಸಂತಾನ ಎನ್ನುತ್ತಿದ್ದರು.

ಮೊನ್ನೆ ಊಟಕ್ಕೆ ಕೂತಾಗ, ಮಣಿಪಾಲದಲ್ಲಿ ಓದುವ ಮಗಳು ಕೇಳಿದಳು: ಜೀವವಿಕಾಸ ಮೊದಲಿನಿಂದ ಶುರುವಾದರೆ ಮತ್ತೆ ಇವೇ ಪ್ರಾಣಿಗಳು ಬರುತ್ತವಾ ಎಂದು. ಗಿಡುಗ ಇದ್ದರೆ ಕಂದು ಕೋಳಿ ಬಂದೀತು, ಹೆಡಿಗೆಯಿಂದ ಉಳಿದ ನಮ್ಮ ಬಿಳಿ ಕೋಳಿಯದ್ದು ಹೇಳಲಿಕ್ಕಾಗದು ಎಂದು ಈ ಕತೆ ಹೇಳಿದೆ. ಅವಳಿಗೆ ಉತ್ತರ ಹಿಡಿಸಿತು.

ತಟ್ಟೆಯಲ್ಲಿದ್ದದ್ದು ಅಂಗಡಿಯ ಕೋಳಿ. ಅಂಗಡಿಯಲ್ಲಿರುವವೆಲ್ಲ ಬಿಳಿಯೇ, ಒಂದರ ಹಾಗೆ ಇನ್ನೊಂದು. ಮದುವೆಯಾಗಿ ಬಂದ ಕಾಪುವಿನ ಮನೆಯ ಟೆರೇಸಿನ ಮೇಲೂ ಗಿಡುಗ ಸುತ್ತುತ್ತದೆ. ಬಟ್ಟೆ ಒಣಗಿಸುತ್ತ ನಾನು ಅದರ ಚಂದ ನೋಡುತ್ತೇನೆ. ಓಡಿ ಹೋಗಿ ಮುಚ್ಚಿಡಲು ಕೆಳಗೆ ಏನೂ ಇಲ್ಲ.