ದ್ರಾಕ್ಷಾರಸ ಬಿದ್ದ ಪುಟ

ಕೊರೋನಾ ಮುಗಿದ ಮರುವರ್ಷ ನಾನು ಮಸ್ಕತ್ತಿನ ಖುರುಮ್‌ನಲ್ಲಿ ಒಬ್ಬ ಸಂಗ್ರಾಹಕರ ಬಳಿ ಪೇಪರ್ ಕನ್ಸರ್ವೇಟರ್ ಆಗಿದ್ದೆ. ಹೆಸರು ದೊಡ್ಡದು, ಹುಳ ತಿಂದ, ನೀರು ಕುಡಿದ ಹಳೆಯ ಪುಸ್ತಕಗಳಿಗೆ ಮದ್ದು ಮಾಡುವ ಕೆಲಸ. ಮಂಗಳೂರಿನ ಒಂದು ಗ್ರಂಥಾಲಯದಲ್ಲಿ ಕಲಿತ ವಿದ್ಯೆ ಇಲ್ಲಿ ಅನ್ನ ಕೊಟ್ಟಿತ್ತು. ಗಂಡ ತೀರಿಕೊಂಡ ಮೇಲೆ ಹಮ್ರಿಯಾದ ಫ್ಲ್ಯಾಟಿನಲ್ಲಿ ಒಬ್ಬಳೇ ಇದ್ದೆ. ಎಷ್ಟೋ ದಿನ ಸಂಜೆಯವರೆಗೂ ಬಾಯಿ ಬಿಡುವ ಪ್ರಸಂಗವೇ ಬರುತ್ತಿರಲಿಲ್ಲ.

ಸಂಗ್ರಾಹಕರ ಹೆಸರು ಹಮದ್. ಮುಂಬಯಿಯಲ್ಲಿ ವ್ಯಾಪಾರ ಮಾಡಿದ್ದ ಹಿರಿಯ ಒಮಾನಿ; ಹಿಂದಿ ನನಗಿಂತ ಚೆನ್ನಾಗಿ ಬರುತ್ತಿತ್ತು. ಹೀಬ್ರೂ ಗ್ರಂಥಗಳ ಹುಚ್ಚು ಅವರಿಗೆ ಹತ್ತಿದ್ದೂ ಅಲ್ಲೇ. ಅದರಲ್ಲೂ ರಬ್ಬಿಗಳು, ಅಂದರೆ ಯಹೂದಿ ಧರ್ಮಗುರುಗಳು, ಸ್ವಂತ ಕೈಯಿಂದ ಏನಾದರೂ ಬರೆದಿಟ್ಟ ಪ್ರತಿಯೇ ಬೇಕು. ಬರಹವಿಲ್ಲದ್ದನ್ನು ಮೂಸಿಯೂ ನೋಡುತ್ತಿರಲಿಲ್ಲ. ಕೊಂಡ ಪುಸ್ತಕವನ್ನು ಕೈಗವಸಿಲ್ಲದೆ ಮುಟ್ಟಿದವರ ಗ್ರಹಚಾರ ಬಿಡಿಸುತ್ತಿದ್ದರು.

ಆ ವರ್ಷ ಒಂದು ಹಬ್ಬದ ಪುಸ್ತಕ ಬಂತು. ನಾವು ಕ್ರೈಸ್ತರು ಪಾಸ್ಕ, ಅಂದರೆ ಈಸ್ಟರ್, ಆಚರಿಸುವ ಹೊತ್ತಿಗೇ ಯಹೂದಿಗಳಿಗೂ ಒಂದು ಹಬ್ಬವಿದೆ. ಆ ರಾತ್ರಿ ಮನೆಮಂದಿಯೆಲ್ಲ ಊಟಕ್ಕೆ ಕೂತು ಓದುವ ಪುಸ್ತಕ ಅದು. ಒಂದು ಪುಟದ ಅಂಚಿನಲ್ಲಿ ಊರೂರು ತಿರುಗುತ್ತಿದ್ದ ರಬ್ಬಿಯೊಬ್ಬರು ಬರೆದಿದ್ದರು: ‘ದಾರಿಹೋಕನಾದ ನನ್ನನ್ನು ಈ ಮನೆಯವರು ತಮ್ಮ ಪಂಕ್ತಿಯಲ್ಲಿ ಕೂರಿಸಿಕೊಂಡರು.’ ಬೇರೆ ಪುಟಗಳೆಲ್ಲ ಸ್ವಚ್ಛ. ಈ ಪುಟದ ತುಂಬ ಮಾತ್ರ ಕಂದು ಕಲೆಗಳು, ಬರಹದ ಮೇಲೂ ಹಬ್ಬಿದಂತೆ. ಅದೇ ಪುಟ ತೆರೆದು ವಿದೇಶದ ಪ್ರದರ್ಶನದಲ್ಲಿ ಇಡುವುದೆಂದು ನಿಶ್ಚಯವಾಗಿತ್ತು. ಕಲೆ ಹೋಗಬೇಕು ಎಂದು ಹಮದ್ ಅಪ್ಪಣೆ ಮಾಡಿದರು.

ಅವರ ಆಫೀಸು ನೋಡಿಕೊಳ್ಳುತ್ತಿದ್ದ ಉಡುಪಿಯ ಸುಧಾಕರ ಇಣುಕಿ ನೋಡಿ ತೀರ್ಪು ಕೊಟ್ಟ. “ಎಂತ ಬಾಯಮ್ಮ, ಕುಡ್ದು ಚೆಲ್ಲಿದ್ದಾರೆ ಮಾರಾಯ್ರೆ. ತೊಳ್ದು ಕೊಡಿ, ಖಲಾಸ್.”

ನಾನು ಸ್ಪಾಟ್ ಟೆಸ್ಟ್ ಮಾಡಿದೆ. ಅಕ್ಷರದ ಮೂಲೆಗೆ ಒಂದಿಷ್ಟು ತೇವ ಮುಟ್ಟಿಸಿ ಒತ್ತುಕಾಗದ ಇಟ್ಟು ನೋಡುವುದು. ಶಾಯಿ ಬಿಡಲಿಲ್ಲ. ತೊಳೆಯಲು ಅಡ್ಡಿಯಿರಲಿಲ್ಲ. ಆದರೆ ತೊಳೆದು ತೆಗೆದದ್ದನ್ನು ಮತ್ತೆ ತರುವ ವಿದ್ಯೆ ಯಾರಲ್ಲೂ ಇಲ್ಲ. ಒಂದೇ ಪುಟಕ್ಕೆ ಯಾಕೆ ಈ ಅವಸ್ಥೆ ಎಂಬುದು ಮನಸ್ಸಿನಲ್ಲಿ ಕೊರೆಯಿತು. ಹಮದ್‌ರಿಗಾಗಿ ಬರಹಗಳನ್ನು ಓದಿಕೊಡುತ್ತಿದ್ದ ಮುಂಬಯಿಯ ಯಹೂದಿ ಟೀಚರಿಗೆ ಫೋನು ಮಾಡಿದೆ.

ಅವರು ನಕ್ಕರು. “ಅದು ದ್ರಾಕ್ಷಾರಸ. ಹಿಂದೆ ನಮ್ಮನ್ನು ಗುಲಾಮರಾಗಿಟ್ಟ ಶತ್ರುಗಳ ಮೇಲೆ ಬಿದ್ದ ವಿಪತ್ತುಗಳನ್ನು ಓದುವ ಪುಟ ಅದು. ಒಂದೊಂದು ವಿಪತ್ತಿಗೂ ಬಟ್ಟಲಿನಿಂದ ಒಂದೊಂದು ಹನಿ ಬೆರಳಲ್ಲಿ ತೆಗೆಯುತ್ತೇವೆ. ಸತ್ತವರು ಶತ್ರುಗಳೇ ಆದರೂ ನಮ್ಮ ಸಂತೋಷ ಅಷ್ಟು ಕಡಿಮೆಯಾಗಬೇಕಲ್ಲ?”

ಮತ್ತೆ ಭೂತಗನ್ನಡಿ ಹಿಡಿದೆ. ಕಲೆ ಮುಟ್ಟಿದಲ್ಲೆಲ್ಲ ರಬ್ಬಿಯ ಶಾಯಿ ಚೂರು ಹರಡಿಕೊಂಡಿತ್ತು. ಒಣಗಿದ ಶಾಯಿ ತೇವಕ್ಕೆ ಬಿಡುವಂಥದ್ದಲ್ಲ; ರಸ ಕುಡಿದು ಸಡಿಲವಾದ ಕಾಗದದ ಮೇಲೆ ಬರೆದರೆ ಮಾತ್ರ ಹೀಗೆ ಹರಡುತ್ತದೆ. ಅಂದರೆ ಮೊದಲು ಬಿದ್ದದ್ದು ರಸ, ಆಮೇಲೆ ಅಕ್ಷರ. ಹಬ್ಬದ ದಿನ ಯಹೂದಿಗಳು ಲೇಖನಿ ಮುಟ್ಟುವಂತಿಲ್ಲವೆಂದು ಟೀಚರು ಹೇಳಿದ್ದರು. ಹಬ್ಬ ಕಳೆದ ಮೇಲೆ, ಎಲ್ಲರ ಬೆರಳಿನ ಹನಿ ಬಿದ್ದ ಪುಟವನ್ನೇ ಹುಡುಕಿ ರಬ್ಬಿ ಬರೆದಿದ್ದರು. ಅದರಲ್ಲಿ ಅವರ ಬೆರಳಿನದೂ ಇದ್ದೀತು. ನನಗೆ ಅಳು ಬಂತು.

“ಇದನ್ನು ನಾನು ತೊಳೆಯುವುದಿಲ್ಲ. ಬೇಕಾದರೆ ಬೇರೆಯವರಿಂದ ಮಾಡಿಸಿ,” ಎಂದು ಹಮದ್‌ರಿಗೆ ಹೇಳಿ ಕಾರಣವನ್ನೂ ಹೇಳಿದೆ. ನನ್ನ ವೀಸಾ ಅವರ ಕೈಯಲ್ಲಿತ್ತು. ಅವರು ಕೈಗವಸು ಕಳಚಿ, ಒಂದು ಕಲೆಯ ಮೇಲೆ ಮೆಲ್ಲಗೆ ಬೆರಳಿಟ್ಟರು.

“ಬೇಡ ಸಿಸ್ಟರ್, ಹಾಗೇ ಇರಲಿ. ಇಷ್ಟೊಂದು ಪುಸ್ತಕ ಕೂಡಿಟ್ಟೆ. ನನ್ನ ಮನೆಯ ಊಟದ ಕಲೆ ಬಿದ್ದದ್ದು ಒಂದೂ ಇಲ್ಲ.”

ಪುಸ್ತಕ ಕಲೆಯ ಸಮೇತ ಪ್ರದರ್ಶನಕ್ಕೆ ಹೋಯಿತು. ಕಲೆ ತೆಗೆಯುವ ಮೊದಲು, ಅದು ಬಿದ್ದಾಗ ಅಲ್ಲಿ ಯಾರ್‍ಯಾರು ಕೂತಿದ್ದರು ಎಂದು ಕೇಳಬೇಕು; ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಆ ಸಂಜೆ ಹಮ್ರಿಯಾದಲ್ಲಿ ಗಂಜಿ ಉಂಡು, ರೂಢಿಯಂತೆ ಬಟ್ಟೆ ತಂದು ಮೇಜು ಒರೆಸಲು ಹೋದೆ. ಒರೆಸಲು ಅದರ ಮೇಲೆ ಏನೂ ಇರಲಿಲ್ಲ.