ಟ್ರಾಸ್ಕ್ ಬಾಯಿ ಬಿಡಲಿಲ್ಲ

ವರ್ಲಿನ್ ಟ್ರಾಸ್ಕ್ ಕಾಲೇಜಿಗೆ ಬೇಸ್‌ಬಾಲ್ ಆಡುತ್ತಿದ್ದಾಗ ಅವನು ಎಸೆದ ಚೆಂಡು ಕಣ್ಣಿಗೆ ಬೀಳುತ್ತಿರಲಿಲ್ಲ, ಅದನ್ನು ಹಿಡಿಯುವ ಕ್ಯಾಚರ್‌ನ ಕೈಗವಸಿಗೆ ಬಡಿದ ಸದ್ದಷ್ಟೇ ಕೇಳುತ್ತಿತ್ತು ಎಂದು ಕಾನ್ಸಾಸ್‌ನಲ್ಲಿ ಈಗಲೂ ಹೇಳುವವರಿದ್ದಾರೆ. ಹೇಳಿಕೊಳ್ಳಲಿ ಬಿಡಿ. ಅಂಥ ಹುಡುಗನನ್ನು ದೊಡ್ಡ ಲೀಗಿನ ತಂಡವೊಂದು ಹೊಗಳಿ ಅಟ್ಟಕ್ಕೇರಿಸಿ ಕರೆದೊಯ್ದು, ತನ್ನ ಕೈಕೆಳಗಿನ ಸಣ್ಣ ತಂಡದಲ್ಲಿ ಎತ್ತಿನಂತೆ ದುಡಿಸಿತು. ಮೊಣಕೈ ನೋಯುತ್ತಿದೆ ಎಂದರೆ ಅಲ್ಲಿಯ ಮ್ಯಾನೇಜರ್, "ಐಸ್ ಇಟ್ಕೊಂಡು ಮಲಗು, ನಾಳೆನೂ ನೀನೇ ಎಸೀಬೇಕು" ಎನ್ನುತ್ತಿದ್ದ. ಎರಡನೇ ಬೇಸಿಗೆಯಲ್ಲಿ ಮೊಣಕೈಯ ನರ ಕಿತ್ತುಬಂತು. ಆ ಕಾಲಕ್ಕೆ ಅದಕ್ಕೆ ಮದ್ದಿರಲಿಲ್ಲ.

ಬೇಸ್‌ಬಾಲ್ ಬಿಟ್ಟರೆ ಅವನಿಗೆ ಬೇರೇನೂ ಬಾರದು. ಊರೂರು ಬಸ್ಸಿನಲ್ಲಿ ಅಲೆಯುವ ತಂಡಗಳಿಗೆ ಮ್ಯಾನೇಜರ್ ಆಗಿ, ಕೊನೆಗೆ ಡೆಲ್ಫಿನ್ ಎಂಬ ಗೋಧಿಯೂರಿನ ತಂಡಕ್ಕೆ ಬಂದು ಬಿದ್ದ. ಆಟಗಾರರು ಅವನನ್ನು ಸ್ಕಿಪ್, ಅಂದರೆ ಯಜಮಾನ, ಎನ್ನುತ್ತಿದ್ದರು. ತನ್ನ ಕೈಕೆಳಗೆ ಒಬ್ಬನ ಕೈಯೂ ಹಾಳಾಗಬಾರದು ಎಂಬುದೊಂದೇ ಅವನ ಹಟ. ಎಸೆಯುವವನು ದಣಿದನೋ, ಗೆಲ್ಲುವ ಆಟವಾದರೂ ಸರಿ, ಹೊರಗೆ ಕರೆಯುತ್ತಿದ್ದ. ಜನ ಕಡಲೆಕಾಯಿ ಸಿಪ್ಪೆ ಎಸೆದು ಬೈದರೂ ಕ್ಯಾರೇ ಅನ್ನುತ್ತಿರಲಿಲ್ಲ.

ಆಗಸ್ಟ್‌ನ ಒಂದು ಭಾನುವಾರ ಡೋಯ್ಲ್ ಪೆಟ್ಟಿಗ್ರೂ ಎಸೆಯುತ್ತಿದ್ದ. ಅರ್ಕನ್ಸಾ ಕಡೆಯ ಲಾಂಡ್ರಿ ಕೆಲಸದವಳ ಮಗ, ಬಂಗಾರದಂಥ ಹುಡುಗ. ಆಟದ ಒಂಬತ್ತು ಇನಿಂಗ್ಸ್‌ನಲ್ಲಿ ಆರು ಮುಗಿದರೂ ಎದುರಾಳಿಗಳಿಗೆ ಒಂದು ಹೊಡೆತವೂ ದಕ್ಕಿರಲಿಲ್ಲ. ಕೊನೆತನಕ ಹಾಗೇ ಎಸೆದುಬಿಟ್ಟರೆ ಹುಡುಗನ ಹೆಸರು ಸಾಯುವತನಕ ಉಳಿಯುತ್ತದೆ. ಅಂಥ ಆಟ ನಡೆಯುವಾಗ ಎಸೆಯುವವನನ್ನು ಯಾರೂ ಮಾತಾಡಿಸುವಂತಿಲ್ಲ, ಹತ್ತಿರ ಕೂರುವಂತಿಲ್ಲ. ಮಾತಾಡಿಸಿದರೆ ಕೆಟ್ಟಿತು. ಬೆಂಚಿನ ತುದಿಯಲ್ಲಿ ಡೋಯ್ಲ್ ಒಬ್ಬನೇ ಕೂತಿದ್ದ.

ಏಳನೆಯದರಲ್ಲಿ ಎಸೆಯುವಾಗ ಅವನ ಮೊಣಕೈ ಕೆಳಗಿಳಿಯತೊಡಗಿತು. ಟ್ರಾಸ್ಕ್‌ನ ಕೈ ಕೆಡುವ ಮುಂಚೆಯೂ ಹೀಗೇ ಆಗಿತ್ತು.

"ಆ ಕೈ ನೋಡಿದ್ಯೇನೋ ವರ್ಲಿನ್?" ಎಂದ, ತಂಡದ ಹುಡುಗರ ಗಾಯಕ್ಕೆ ಪಟ್ಟಿ ಕಟ್ಟುವ ಮುದುಕ ಓರ್ವಲ್.

"ನೋಡ್ದೆ."

"ಮತ್ತೆ ಹೋಗಿ ಕೇಳು, ನೋಯ್ತಿದ್ಯಾ ಅಂತ."

"ಈಗ ಹೆಂಗೆ ಕೇಳ್ಲಿ ಮಾರಾಯಾ?"

ಬೆಂಚಿಗೆ ಮರಳಿದ್ದ ಕ್ಯಾಚರ್ ಗದರಿದ. "ಅಯ್ಯೋ, ಸುಮ್ನಿರ್ರಪ್ಪಾ! ಎಲ್ಲಾ ಕೆಡಿಸ್ಬೇಡಿ."

ಟ್ರಾಸ್ಕ್ ಅರ್ಧ ಎದ್ದು ಮತ್ತೆ ಕೂತ. ಆಚಾರ ಅಡ್ಡ ಬಂತು ಅನ್ನೋಣವೇ? ಅದೂ ಹೌದು. ಆದರೆ ಅವನಿಗೂ ಆಸೆ ಹತ್ತಿತ್ತು. ಇಷ್ಟು ವರ್ಷ ಮಣ್ಣು ತಿಂದದ್ದಕ್ಕೆ ಒಂದೇ ಒಂದು ಸಲ ಅಂಥದ್ದನ್ನು ಕಣ್ಣಾರೆ ನೋಡಬೇಕಿತ್ತು. ಎಂಟನೆಯದೂ ಕಳೆಯಿತು, ಅವನು ಏಳಲಿಲ್ಲ.

ಒಂಬತ್ತನೆಯದರ ಕೊನೆಯ ಚೆಂಡಿಗೆ ಎದುರಾಳಿ ಗಾಳಿಗೆ ಬ್ಯಾಟು ಬೀಸಿದ. ಊರು ಹುಚ್ಚೆದ್ದು ಕೂಗಿತು. ಹುಡುಗರು ಡೋಯ್ಲ್‌ನನ್ನು ಹೆಗಲಿಗೇರಿಸಿಕೊಂಡರು. ಅವನ ಮುಖ ಸುಣ್ಣದಂತಾಗಿತ್ತು, ಬಲಗೈ ಸುಮ್ಮನೆ ಜೋತಾಡುತ್ತಿತ್ತು. ಡಾಕ್ಟರು ಮುಟ್ಟಿ ನೋಡಿ, ಈ ಕೈ ಇನ್ನು ಎಸೆಯದು ಎಂದರು. ಮರುದಿನವೇ ಡೆಲ್ಫಿನ್ ತಂಡವನ್ನು ಸಾಕುತ್ತಿದ್ದ ದೊಡ್ಡ ತಂಡದಿಂದ ಫೋನು ಬಂತು, ಹುಡುಗನನ್ನು ಮನೆಗೆ ಕಳಿಸಿ ಎಂದು.

ಬಸ್‌ಸ್ಟ್ಯಾಂಡಿಗೆ ಟ್ರಾಸ್ಕ್ ತಾನೇ ಅವನ ಚೀಲ ಹೊತ್ತು ಬಂದ. ಕ್ಷಮಿಸು ಎನ್ನಲು ದಾರಿಯುದ್ದಕ್ಕೂ ಮಾತು ಕೂಡಿಸಿಕೊಂಡಿದ್ದ. ಅಷ್ಟರಲ್ಲಿ ಹುಡುಗನೇ ಶುರುಮಾಡಿದ.

"ಸ್ಕಿಪ್, ಏಳನೇದ್ರಲ್ಲೇ ಕೈ ಹೋಗಿತ್ತು. ನೀವು ಎಲ್ಲಿ ಎದ್ದು ಬಂದ್ಬಿಡ್ತೀರೋ ಅಂತ ಜೀವ ಕೈಲಿ ಹಿಡ್ಕೊಂಡು ಕೂತಿದ್ದೆ. ನೀವು ಕೇಳಿದ್ರೆ ನಂಗೆ ಸುಳ್ಳು ಹೇಳಕ್ಕಾಗ್ತಿರ್ಲಿಲ್ಲ." ಅವನು ನಕ್ಕ. "ಪುಣ್ಯಾತ್ಮರು, ಕೇಳ್ಲಿಲ್ಲ ನೀವು. ಅಮ್ಮಂಗೂ ಹೇಳ್ತೀನಿ, ನಿಮ್ಮಂಥೋರು ಸಿಗಲ್ಲ ಅಂತ."

ಟ್ರಾಸ್ಕ್ ಅವನ ಎಡಗೈ ಕುಲುಕಿ, ಚೀಲವನ್ನು ಬಸ್ಸಿನೊಳಗಿಟ್ಟ.