ಮೊದಲು ಒಂದು ಲೋಟ ನೀರು ಕುಡೀರಿ

ದೆವ್ವ, ಭೂತ, ಗಾಳಿ ಅಂದರೆ ನಕ್ಕುಬಿಡುತ್ತಿದ್ದವಳು ನಾನು. ಪ್ರೋಗ್ರಾಂ ಬರೆದು ಹೊಟ್ಟೆ ಹೊರೆಯುವವಳು. ಏನೇ ಎಡವಟ್ಟಾದರೂ ಅದಕ್ಕೊಂದು ಕಾರಣ ಇದ್ದೇ ಇರುತ್ತೆ, ಹುಡುಕೋಕೆ ತಾಳ್ಮೆ ಬೇಕು ಅಷ್ಟೆ ಅನ್ನೋದು ನನ್ನ ವಾದ. ಈ ಒಂದು ವಿಷಯದಲ್ಲಿ ಮಾತ್ರ ಹುಡುಕಿ ಹುಡುಕಿ ಸಾಕಾಗಿದೆ.

ಆಗ ಕೋಲಾರದ ಒಂದು ಸಣ್ಣ ಕಂಪನಿಯಲ್ಲಿದ್ದೆ. ಸುತ್ತಲ ಹಾಲಿನ ಕೇಂದ್ರಗಳಲ್ಲಿ ಹಾಲು ಅಳೆದು, ಫ್ಯಾಟ್ ನೋಡಿ, ಚೀಟಿ ಕೊಡೋ ಪ್ರೋಗ್ರಾಂ ನಾನೇ ಬರೆದದ್ದು. ಮಿಷನ್ ಕೈಕೊಟ್ಟರೆ ಕೇಂದ್ರದವರು ಕಂಪನಿ ನನಗೆ ಕೊಟ್ಟಿದ್ದ ನಂಬರಿಗೇ ಫೋನ್ ಮಾಡೋರು. ಆಫ್ ಮಾಡಿ ಆನ್ ಮಾಡಿ, ಮೊದಲು ಒಂದು ಲೋಟ ನೀರು ಕುಡ್ಕೊಂಡು ಬನ್ನಿ ಅನ್ನುತ್ತಿದ್ದೆ. ಮಿಷನ್ ಎದ್ದು ಕೂರೋಕೆ ಅಷ್ಟು ಹೊತ್ತು ಬೇಕು. ಸುಮ್ಮನೆ ಕಾಯಿರಿ ಅಂದರೆ ಯಾರು ಕಾಯ್ತಾರೆ? ಗುಂಡಿ ಒತ್ತಿ ಒತ್ತಿ ಇನ್ನಷ್ಟು ಕೆಡಿಸ್ತಾರೆ. ಈ ನೀರಿನ ಉಪಾಯ ಆಫೀಸಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳುವಂಥ ವಿಷಯ ಅಂತ ಅನ್ನಿಸಿರಲಿಲ್ಲ.

ಒಂದಿನ ಮಾಲೀಕರು ಕರೆದು, ಪ್ರೋಗ್ರಾಂ ಬರೆಯೋಕೆ ಈಗ ಎಐ ಇದೆ, ನಿನ್ನ ಕುರ್ಚೀಲಿ ಯಾರು ಕೂತರೂ ನಡೆಯುತ್ತೆ ಅಂದರು. ಕಂಪನಿಯ ಫೋನು ಒಪ್ಪಿಸಿ ಮನೆಗೆ ಬಂದೆ. ಹೊಟ್ಟೆ ಉರೀತಿತ್ತು, ಸುಳ್ಳು ಯಾಕೆ ಹೇಳಲಿ. ನಾಲ್ಕು ದಿನ ಕಳೆಯಲಿ, ಕೇಂದ್ರಗಳೆಲ್ಲ ನಿಂತುಹೋಗುತ್ತವೆ, ನೀನಿಲ್ಲದೆ ನಡೆಯಲ್ಲಮ್ಮ ಅಂತ ಮಾಲೀಕರೇ ಕರೀತಾರೆ ಅಂತ ಕಾದೆ. ಆಗ ಏನೇನು ಅನ್ನಬೇಕು ಅಂತ ಪಾತ್ರೆ ತೊಳೀತಾ ಅಭ್ಯಾಸ ಕೂಡ ಮಾಡಿಟ್ಟಿದ್ದೆ. ಯಾರೂ ಕರೆಯಲಿಲ್ಲ.

ತಡೆಯಲಾರದೆ ಒಂದು ಸಂಜೆ ಗೌನಿಪಲ್ಲಿ ಕಡೆಯ ಕೇಂದ್ರದ ಕಾರ್ಯದರ್ಶಿ ವೆಂಕಟರಾಮಪ್ಪನವರಿಗೆ ನನ್ನ ಸ್ವಂತ ಫೋನಿಂದ ಮಾಡಿ, ಮಿಷನ್ ಹೇಗಿದೆ ಅಂದೆ.

"ಏನಮ್ಮಾ, ಬೆಳಿಗ್ಗೆ ನೀನೇ ಸರಿ ಮಾಡಿಸಿದ್ಯಲ್ಲ? ನೀನು ನೀಳ್ಳು ತಾಗಂಡಿ ಅಂದೆ, ನಾನು ಕುಡಿದು ಬಂದೆ, ನಡೀತು. ಕರುವಿನ ಕಾಲು ಹೇಗಿದೆ ಅಂತಾನೂ ನೀನೇ ವಿಚಾರಿಸ್ಕೊಂಡೆ."

ಅವತ್ತು ಬೆಳಿಗ್ಗೆ ನಾನು ಯಾರ ಜೊತೆಗೂ ಫೋನಲ್ಲಿ ಮಾತಾಡಿರಲಿಲ್ಲ. ಅವರ ಮನೆಮಾತು ತೆಲುಗು, ಅವರಿಗೆ ನೀರು ಕುಡೀರಿ ಅಂತ ತೆಲುಗಲ್ಲೇ ಹೇಳುತ್ತಿದ್ದೆ. ಕರು ಬಿದ್ದು ಕಾಲು ಉಳುಕಿಸಿಕೊಂಡದ್ದನ್ನು ಅವರು ನನಗೆ ಹೇಳಿದ್ದು ಕೆಲಸದ ನನ್ನ ಕೊನೆಯ ದಿನ. ಪಾಪ, ವಿಚಾರಿಸಬೇಕು ಅಂತ ಈ ಫೋನ್ ಮಾಡಿದ ದಿನವೇ ಬೆಳಿಗ್ಗೆ ಕಾಫಿ ಕಾಸುತ್ತಾ ಅಂದುಕೊಂಡಿದ್ದೆ. ಅಂದುಕೊಂಡದ್ದು ಅಷ್ಟೆ. ಯಾವ ನಂಬರಿಗೆ ಮಾಡಿದ್ರಿ ಅಂತ ಕೇಳಿದೆ. ನಿನ್ನ ಹಳೇ ನಂಬರಿಗೇ, ನಿನ್ನ ದನಿ ನನಗೆ ಗೊತ್ತಾಗಲ್ವೇ ಅಂದರು.

ಮಾರನೇ ದಿನ ಆಫೀಸಿನ ಲೆಕ್ಕಪತ್ರ ನೋಡುವ ಶೋಭಾಳನ್ನು ಕೇಳಿದೆ. ನಾನು ಕೊಟ್ಟ ಫೋನು ಅಂದಿನಿಂದ ಅವಳ ಡ್ರಾಯರಿನಲ್ಲೇ ಆಫ್ ಆಗಿ ಬಿದ್ದಿದೆಯಂತೆ. ನನ್ನ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ಎಐ ಏನಾದರೂ ನನ್ನ ಹಾಗೇ ಮಾತಾಡ್ತಿದೆಯಾ ಅಂದದ್ದಕ್ಕೆ ನಕ್ಕಳು. ನಿಂಗೇನು ತಲೆ ಕೆಟ್ಟಿದೆಯಾ, ನಮ್ಮ ಸಾಹೇಬರು ಫ್ಯಾನ್ ರಿಪೇರಿ ಮಾಡಿಸೋಕೇ ಯೋಚಿಸ್ತಾರೆ, ಅದನ್ನೆಲ್ಲ ಎಲ್ಲಿಂದ ತರ್ತಾರೆ ಅಂದಳು.

ಈಗ ಮಾಲೂರಿನಲ್ಲಿ ಬೇರೆ ಕೆಲಸದಲ್ಲಿದ್ದೇನೆ. ಅವತ್ತು ಸಂಜೆ ಫೋನಿಡುವ ಮುಂಚೆ ವೆಂಕಟರಾಮಪ್ಪನವರು ಒಂದು ಮಾತಂದರು, "ನೀನಿಲ್ದಿದ್ರೆ ನಮ್ಮ ಕೇಂದ್ರ ನಡೆಯಲ್ಲಮ್ಮ." ಮಾಲೀಕರ ಬಾಯಿಂದ ಕೇಳಬೇಕು ಅಂತ ನಾನು ಕಾದು ಕೂತಿದ್ದ ಮಾತು ಅದೇ. ವೆಂಕಟರಾಮಪ್ಪನವರು ಅದನ್ನು ನನಗೆ ಹೇಳಿದರೋ, ಬೆಳಿಗ್ಗೆ ನನ್ನ ದನಿಯಲ್ಲಿ ಮಾತಾಡಿದವಳಿಗೆ ಹೇಳಿದರೋ, ಇವತ್ತಿಗೂ ನನಗೆ ತಿಳಿದಿಲ್ಲ.